ಸೌತೆ ಬಳ್ಳಿಗೆ ಹೋಗಬೇಕಿದ್ದ ಬೈಕು

ನಮ್ಮ ಯಜಮಾನರು ತಮ್ಮ ತಂದೆಯ ಕಾಲದ ಮೋಟಾರ್ ಬೈಕಿನ ಕ್ಲಚ್ಚನ್ನು ಕೊಳ್ಳೇಗಾಲದ ನಮ್ಮ ಮನೆ ಜಗುಲಿಯ ಮೇಲೆ ತಾವೇ ಬಿಚ್ಚಿ, ಹೊಸ ಪ್ಲೇಟು ಹಾಕಿ, ಮತ್ತೆ ಜೋಡಿಸಿದರು. ಸುದ್ದಿ ಕೇಳಿ ಯಳಂದೂರಿನ ಭಾವ, ಅಂದರೆ ಇವರ ಅಕ್ಕನ ಗಂಡ, ಫೋನಿನಲ್ಲೇ ನಕ್ಕರು.

"ಭಾನ್ವಾರ ಊಟಕ್ಕೆ ಅದ್ರಲ್ಲೇ ಬಾರಪ್ಪಾ ನೋಡವು. ಬಸ್ಸಲ್ಲಿ ಬಂದ್ಯೋ, ಗಾಡಿ ನಂದು. ಇತ್ಲಲ್ಲಿ ನಿಲ್ಸಿ ಸೌತೆ ಬಳ್ಳಿ ಅಬ್ಬುಸ್ತೀನಿ."

ಇವರು ಹೂಂ ಅಂದುಬಿಟ್ಟರು.

ಸೋಮವಾರ ಗಾಡಿ ಜಗುಲಿ ಇಳಿದ ಕೂಡಲೇ ಅತ್ತೆ, ಕೆಟ್ಟ ಕಣ್ಣು ಬೀಳದಿರಲೆಂದು ಎಡಗಡೆಯ ಹ್ಯಾಂಡಲ್ಲಿಗೆ ಕರಿದಾರ ಸುತ್ತಿ ನಿಂಬೆಹಣ್ಣು ಕಟ್ಟಿದರು. ಇವರು ಹನೂರಿನ ಕಡೆ ಹೊರಟರು. ಏರು ಬಂದಲ್ಲೆಲ್ಲ ಎಂಜಿನ್ ಅರಚಿತಂತೆ, ಗಾಡಿ ಮಾತ್ರ ತೂಕಡಿಸಿತಂತೆ. ವಾಪಸು ಬಂದದ್ದು ಟೆಂಪೋದಲ್ಲಿ. ಟೊಮೆಟೊ ಕ್ರೇಟುಗಳ ನಡುವೆ ಗಾಡಿ, ಗಾಡಿಯ ಮೇಲೆ ಗಂಭೀರವಾಗಿ ಇವರು.

"ಕ್ಲಚ್ ಜಾರ್ತಾ ಅದೆ," ಎಂದು ಮತ್ತೆ ಬಿಚ್ಚಿದರು.

"ಕಣ್ಬಿದ್ದದೆ," ಎಂದು ಅತ್ತೆ ಇನ್ನೆರಡು ಸುತ್ತು ದಾರ ಬಿಗಿದರು.

ಬುಧವಾರ ಸ್ಪ್ರಿಂಗು ಬದಲಾಯಿತು. ಗಾಡಿ ನಮ್ಮ ಬೀದಿಯ ತಿರುವು ದಾಟಲಿಲ್ಲ. ದಾರ ಐದು ಸುತ್ತಾಯಿತು. ಶುಕ್ರವಾರ ಪ್ಲೇಟುಗಳನ್ನು ನನ್ನ ಇಡ್ಲಿ ಪಾತ್ರೆಯಲ್ಲಿ ಪೆಟ್ರೋಲ್ ಹಾಕಿ ತೊಳೆದರು. ನಾನು ಪಾತ್ರೆಯನ್ನು ಕೊನೆಯ ಸಲ ನೋಡಿಕೊಂಡೆ. ದಾರ ಒಂಬತ್ತು ಸುತ್ತು. ಶನಿವಾರ ಗಾಡಿ ಗೇಟನ್ನೇ ದಾಟಲಿಲ್ಲ.

"ಲೇ ಮಗಾ, ಆ ಗಾಡೀಲಿ ನೆಟ್ಟಗಿರೋದು ನಾ ಕಟ್ಟಿರೋ ದಾರ ಒಂದೇ ಕಣ್ಲಾ," ಅಂದರು ಅತ್ತೆ.

ಭಾನುವಾರ ಬೆಳಿಗ್ಗೆ ಇವರು ಸಪ್ಪೆ ಮುಖದಲ್ಲಿ ಬಸ್ಸಿಗೆಂದು ಚಪ್ಪಲಿ ಹುಡುಕುತ್ತಿದ್ದರು. ಭಾವನ ಪಾಲಾಗುವ ಗಾಡಿ ಕೊಳಕಾಗಿ ಹೋಗುವುದು ಬೇಡವೆಂದು ನಾನು ಹ್ಯಾಂಡಲ್ ಒರೆಸುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರು ನಮ್ಮ ಎರಡೂ ಜಡೆಗಳಿಗೆ ಸ್ಕೇಲಿಟ್ಟು ಅಳೆಯುತ್ತಿದ್ದರು. ಅಂದಿನಿಂದ ಎಡಬಲ ಸಮವಿಲ್ಲದಿದ್ದರೆ ನನಗೆ ಕಸಿವಿಸಿ. ಬಲಗಡೆ ಬ್ರೇಕಿನ ಹಿಡಿ ಹ್ಯಾಂಡಲ್ಲಿನಿಂದ ನಾಲ್ಕು ಬೆರಳು ದೂರ ನಿಂತಿತ್ತು. ಎಡಗಡೆ ಕ್ಲಚ್ಚಿನದು ಎರಡೇ ಬೆರಳು. ದಾರ ಹಿಡಿಯನ್ನೂ ಸೇರಿಸಿ ಬಿಗಿದುಕೊಂಡಿತ್ತು. ಒತ್ತುವುದಕ್ಕೆ ಅಡ್ಡಿಯಿರಲಿಲ್ಲ, ಪೂರ್ತಿ ಬಿಡುವುದಕ್ಕಷ್ಟೇ ಬಿಡುತ್ತಿರಲಿಲ್ಲ.

"ರೀ, ಕ್ಲಚ್ ಅರ್ಧ ಹಿಡಿದುಕೊಂಡೇ ಓಡಿಸಿದರೆ ಏನಾಗುತ್ತೆ?"

"ಎಂಜಿನ್ ಕೂಗ್ತದೆ, ಗಾಡಿ ಓಗಲ್ಲ. ಅಷ್ಟೂ ಗೊತ್ತಿಲ್ವಾ..." ಎಂದವರ ಕಣ್ಣು ದಾರದ ಮೇಲೆ ಬಿತ್ತು. ಒಂದು ಚಪ್ಪಲಿ ಕೈಯಲ್ಲೇ ಉಳಿಯಿತು.

ಅತ್ತೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ದಾರ, ನಿಂಬೆಹಣ್ಣು ಎರಡೂ ಹಿಂದಿನ ನಂಬರ್ ಪ್ಲೇಟಿಗೆ ವರ್ಗವಾಗಿದ್ದವು. ಒಂಬತ್ತು ಸುತ್ತಿಗೆ ಒಂದೂ ಕಡಿಮೆ ಮಾಡಲಿಲ್ಲ. ಗಾಡಿ ಗೇಟು ದಾಟಿ, ತಿರುವೂ ದಾಟಿತು.

"ನೋಡ್ದಾ ದಾರದ ಮಹಿಮೆಯ!" ಎಂದು ಅತ್ತೆ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಊಟದ ಹೊತ್ತಿಗೆ ಯಳಂದೂರಿನಲ್ಲಿದ್ದೆವು. ಭಾವ ಹಿತ್ತಲಲ್ಲಿ ಆಗಲೇ ನಾಲ್ಕು ಸೌತೆ ಬೀಜ ಊರಿ ನೀರು ಹಾಕಿದ್ದರು. "ಅಂತೂ ಬಂದ್ಬುಟ್ಯಲ್ಲಪ್ಪಾ," ಎಂದು ಬೀಜಗಳ ಕಡೆ ನೋಡಿದರು.

ಅಕ್ಕನಿಗೆ ಮಾತ್ರ ಹಿಗ್ಗೋ ಹಿಗ್ಗು. "ನಮ್ಮಪ್ಪನ ಗಾಡಿ! ಯಾರ ಕಣ್ಣೂ ಬೀಳ್ದೆ ಇರ್ಲಿ ಕಣವ್ವಾ," ಎನ್ನುತ್ತಾ ಒಳಗಿನಿಂದ ಕರಿದಾರ ತಂದು ಎಡಗಡೆಯ ಹ್ಯಾಂಡಲ್ಲಿಗೇ ಕೈ ಹಾಕಿದರು.

ನಾನೂ ಇವರೂ ಒಟ್ಟಿಗೇ ಕಿರುಚಿದೆವು: "ಅಕ್ಕಾ, ಹಿಂದಕ್ಕೆ! ಹಿಂದಕ್ಕೆ ಕಟ್ಟಿ!"