ಮಾಯಕ್ಕನ ಸೊನ್ನೆಗಳು

ಮೊನ್ನೆ ಮಹಾಂತೇಶ ನಗರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಕಾಲೇಜು ಹುಡುಗಿಯೊಬ್ಬಳು ಬಂದು ಕುಳಿತಳು. ಅವಳ ಕೂದಲು ಒದ್ದೆಯಾಗಿತ್ತು. ಅದರಿಂದ ಈಜುಕೊಳದ ನೀರಿಗೆ ಹಾಕುವ ಪುಡಿಯ ಘಾಟು ನೇರ ನನ್ನ ಮೂಗಿಗೆ ಬಂತು. ಬೇರೆಯವರಿಗೆ ಆ ವಾಸನೆ ಬಂದರೆ ಆಸ್ಪತ್ರೆಯೋ ನಳದ ನೀರೋ ನೆನಪಾಗಬಹುದು. ನನಗೆ ಮಾತ್ರ, ಬೂಟು ಹಾಕಿಕೊಂಡ ಒಬ್ಬ ದಪ್ಪ ಮನುಷ್ಯ ನೀರಿನ ದಂಡೆಯ ಮೇಲೆ "ಸೊನ್ನಿ! ಸೊನ್ನಿ!" ಎಂದು ಆನಂದದಿಂದ ಕುಣಿಯುವುದು ಕಾಣಿಸುತ್ತದೆ.

ಇದನ್ನು ಪೂರ್ತಿ ನಂಬಬೇಡಿ. ಧಾರವಾಡದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿ ನಾನು ಕಲಿತದ್ದು, ಸಾಕ್ಷಿಯಿಲ್ಲದೆ ಯಾವುದನ್ನೂ ಒಪ್ಪಬಾರದು, ಅದರಲ್ಲೂ ತರ್ಕಶಾಸ್ತ್ರ ಓದಿದವರು ಹೇಳಿದ್ದನ್ನು. ಇದು ನಡೆದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ ಎಂದು ನನ್ನ ನೆನಪು; ಎಂಬತ್ತು ದಾಟಿತ್ತು ಎನ್ನುವವರೂ ಇದ್ದಾರೆ. ಸ್ಪರ್ಧೆ ನಡೆದ ಊರು ಮದ್ರಾಸು ಎಂದು ನಾನು ಹೇಳುತ್ತ ಬಂದಿದ್ದೇನೆ. ಆಗಿನ ತಂಡದ ನಾಯಕಿ, ಖಾಸಬಾಗದ ಶಕುಂತಲಾ, "ಹೈದರಾಬಾದ್ ರೀ ಸರ್, ನಿಮಗ ಸಮುದ್ರ ಎಲ್ಲಿ ಕಂಡಿತ್ತು?" ಎಂದು ಎದುರಿಗೇ ನಗುತ್ತಾಳೆ. ಸಮುದ್ರ ನನಗೆ ಸ್ಪಷ್ಟವಾಗಿ ನೆನಪಿದೆ. ನೆನಪಿನ ಮೇಲೆ ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ನಾನು ಆಗ ಬೆಳಗಾವಿಯ ಒಂದು ಕಾಲೇಜಿನಲ್ಲಿ ಹೊಸ ಲೆಕ್ಚರರ್. ನಮ್ಮ ಹೆಣ್ಣುಮಕ್ಕಳ ಈಜು ತಂಡಕ್ಕೆ ನನ್ನನ್ನು ಮ್ಯಾನೇಜರ್ ಮಾಡಿದರು. ನನಗೆ ಈಜು ಬರುತ್ತಿರಲಿಲ್ಲ. ಪ್ರಿನ್ಸಿಪಾಲರು ಅದನ್ನೇ ನನ್ನ ಅರ್ಹತೆ ಎಂದು ಭಾವಿಸಿದ್ದರು: ಈಜು ಬರುವ ಗಂಡಸನ್ನು ಹುಡುಗಿಯರ ಜೊತೆ ಕಳಿಸಿದರೆ ಅವನು ನೀರಿಗಿಳಿಯುವ ಅಪಾಯವಿತ್ತಂತೆ. ನನ್ನ ಮೇಲೆ ಕಣ್ಣಿಡಲು ಇತಿಹಾಸ ಕಲಿಸುವ ಮೇಡಮ್ಮನ್ನು, ನಮ್ಮ ಕಡೆಯ ಮಾತಿನಲ್ಲಿ ಇತಿಹಾಸದ ಬಾಯಾರನ್ನು, ಜೊತೆಗೆ ಕಳಿಸಿದರು. ಅವರು ರೈಲು ಹತ್ತಿದೊಡನೆ ನಿದ್ದೆ ಹೋದರು. ಇನ್ನು ತರಬೇತಿ ಕೊಡುವವರು ಕಾಲೇಜಿನ ದೈಹಿಕ ಶಿಕ್ಷಕರು, ಎಲ್ಲರ ಬಾಯಲ್ಲಿ ಪಿ.ಡಿ. ಸರ್. ಮೂಲತಃ ಕುಸ್ತಿಯವರು. ಈಜನ್ನು ಅವರು ದಂಡೆಯ ಮೇಲೆ ನಿಂತು, ಬೂಟು ಬಿಚ್ಚದೆ, ಗಾಳಿಯಲ್ಲಿ ಕೈ ಬೀಸಿ ಕಲಿಸುತ್ತಿದ್ದರು. ಗಾಳಿಯಲ್ಲಿ ಅವರಷ್ಟು ಚೆನ್ನಾಗಿ ಈಜುವವರನ್ನು ನಾನು ಕಂಡಿಲ್ಲ.

ಊರಿನಲ್ಲಿ ಇದ್ದದ್ದು ಒಂದೇ ಕೊಳ ಎಂದಿಟ್ಟುಕೊಳ್ಳಿ. ಅದು ಒಂದು ಕಮಿಟಿಯ ಕೈಯಲ್ಲಿತ್ತು, ಕಮಿಟಿ ಚೇರಮನ್ನರ ಕೈಯಲ್ಲಿತ್ತು. ಶಕುಂತಲಾ ಮತ್ತು ಅವಳ ಗೆಳತಿಯರು ಬೆನ್ನು ಹತ್ತಿ, ಸಹಿ ಸಂಗ್ರಹಿಸಿ, ಕೊನೆಗೆ ಮಧ್ಯಾಹ್ನದ ಒಂದು ತಾಸನ್ನು ಹೆಂಗಸರ ಹೊತ್ತು ಎಂದು ಬಿಡಿಸಿಕೊಂಡಿದ್ದರು. ಗಂಡಸರೆಲ್ಲ ಉಂಡು ಮಲಗುವ, ನೆತ್ತಿ ಸುಡುವ ಹೊತ್ತು ಅದು. ಅಷ್ಟು ಕೊಟ್ಟದ್ದಕ್ಕೇ ಕಮಿಟಿಯವರಿಗೆ ನಿದ್ದೆ ಬರಲಿಲ್ಲ. ಹಲಗೆಯ ಮೇಲೆ ನಿಂತವರು ರಸ್ತೆಗೆ ಕಾಣುತ್ತಾರೆಂದು ಮೊದಲು ನೀರಿಗೆ ಹಾರುವ ಹಲಗೆಯನ್ನೇ ಕಿತ್ತಿಸಿದರು. ಗೋಡೆ ಎತ್ತರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಆಮೇಲೆ ಐದಾರು ಮಂದಿ ಗಂಡಸರು ಚಹಾ ಕುಡಿಯುತ್ತ ಹುಡುಗಿಯರ ಈಜುಡುಪಿನ ಅಳತೆ ನಿರ್ಧರಿಸಿ, ಅದರ ಸುತ್ತ ಟೆರಿಕಾಟ್ ಝಾಲರಿ ಹಚ್ಚಿಸಿದರು. ನೀರಿಗಿಳಿದರೆ ಆ ಝಾಲರಿ ಛತ್ರಿಯಂತೆ ಬಿಚ್ಚಿಕೊಂಡು ಮೇಲೇರುತ್ತಿತ್ತು. ಮರ್ಯಾದೆ ಮುಚ್ಚಲೆಂದು ಹಚ್ಚಿದ್ದು ಮರ್ಯಾದೆಯನ್ನೇ ತೇಲಿಸುತ್ತಿತ್ತು. ಶಕುಂತಲಾ ಅದನ್ನು ಬ್ಲೇಡಿನಿಂದ ಕತ್ತರಿಸಿ, ಸ್ಪರ್ಧೆಗೆ ಹೋಗುವಾಗ ರೈಲಿನ ಕಿಟಕಿಯಿಂದ ಹೊರಗೆ ಬಿಟ್ಟಳು.

ಹೊರಡುವ ಮೊದಲು ಚೇರಮನ್ನರು ನಮ್ಮನ್ನೆಲ್ಲ ಕರೆಸಿ ಒಂದು ಮಾತು ಹೇಳಿದರು.

"ನೋಡವಾ ಶಕುಂತಲಾ, ನಾವೇನು ಹೆಣ್ಣಮಕ್ಕಳ ವಿರುದ್ಧ ಇಲ್ಲ. ಒಂದ ಒಂದು ಫಸ್ಟ್ ನಂಬರ ತೊಗೊಂಡ ಬರ್ರಿ, ಆ ತಾಸು ನಿಮ್ಮದ. ಇಲ್ಲಂದ್ರ ನಮ್ಮ ಹುಡುಗರು ಕಾಯಾಕತ್ತಾರ."

"ನಿಮ್ಮ ಹುಡುಗರು ಏನು ತಂದಾರ್ರಿ ಇಲ್ಲೀತನಕ?" ಎಂದಳು ಶಕುಂತಲಾ.

"ಅವರು ಗಂಡಮಕ್ಕಳು," ಎಂದರು ಚೇರಮನ್ನರು. ತರ್ಕಶಾಸ್ತ್ರದಲ್ಲಿ ಇಂಥ ಉತ್ತರಕ್ಕೆ ಒಂದು ಹೆಸರಿದೆ. ಬೆಳಗಾವಿಯಲ್ಲಿ ಅದಕ್ಕೆ ತೀರ್ಮಾನ ಎನ್ನುತ್ತಿದ್ದರು.

ಈಜಿನಲ್ಲಿ ಗೆಲ್ಲುವ ಆಸೆ ಇರಲಿಲ್ಲ. ನೀರಿಗೆ ಹಾರುವ ಸ್ಪರ್ಧೆಯಲ್ಲಿ ಮಾತ್ರ ಪಿ.ಡಿ. ಸರ್‌ಗೆ ಅಪಾರ ನಂಬಿಕೆ. ಅದಕ್ಕೆ ಕಾರಣ ಮಾಯಕ್ಕ. ಖಾನಾಪುರದ ಹತ್ತಿರದ ಹಳ್ಳಿಯ ಕುರುಬರ ಹುಡುಗಿ, ಬಿ.ಎ. ಓದುತ್ತಿದ್ದಳು. ಹಲಗೆಯನ್ನು ಕಿತ್ತಿಸಿದ್ದರಿಂದ ಅವಳ ಅಭ್ಯಾಸವೆಲ್ಲ ಅವಳ ಕಾಕಾನ ಬಾವಿಯಲ್ಲಿ. ಪಿ.ಡಿ. ಸರ್ ಜೊತೆ ನಾನೂ ಒಂದು ಸಲ ನೋಡಲು ಹೋಗಿದ್ದೆ. ನಮ್ಮ ಕಡೆಯ ಬಾವಿಗಳಲ್ಲಿ ಮುಟಕಾ ಹೊಡೆಯುವುದು ದೊಡ್ಡ ಪೌರುಷ. ಮೊಣಕಾಲು ಎದೆಗವಚಿ, ಮೈಯನ್ನು ಉಂಡೆ ಮಾಡಿ, ಕುಂಡಿ ಕೆಳಗಾಗಿ ಬೀಳುವುದು. ನೀರು ಎಷ್ಟು ಮೇಲೆ ಹಾರಿತೋ ಅಷ್ಟು ಹೆಚ್ಚುಗಾರಿಕೆ. ಮಾಯಕ್ಕ ಹಾರಿದಾಗ ನೀರು ಬಾವಿಯ ಮೇಲಿನ ಕಟ್ಟೆ ದಾಟಿ ಬಂದು ಪಿ.ಡಿ. ಸರ್ ಬೂಟು ತೋಯಿಸಿತು.

"ಭೇಷ್ ಮಗಳ! ಇದು ನ್ಯಾಷನಲ್!" ಎಂದು ಅವರು ಕೂಗಿದರು.

ಅಷ್ಟರಲ್ಲಿ ಒಬ್ಬ ಮುದುಕಿ ಬಂದು, ಬೆಳಿಗ್ಗೆ ಕೊಡ ಬಾವಿಯಲ್ಲಿ ಬಿತ್ತು, ತೆಗೆದುಕೊಡು ಎಂದಳು. ಮಾಯಕ್ಕ ಕಟ್ಟೆಯಿಂದ ತಲೆ ಮುಂದೆ ಮಾಡಿ, ಕೈ ಚಾಚಿ, ಸೂಜಿಯಂತೆ ಒಳಗೆ ಹೋದಳು. ನೀರು ಕಲಕಿದರೆ ತಳದ ರಾಡಿ ಎದ್ದು ಕೊಡ ಕಾಣುವುದಿಲ್ಲ. ಅದಕ್ಕೇ ಹಾಗೆ ಹಾರಬೇಕಂತೆ. ಪಿ.ಡಿ. ಸರ್ ಮುಖ ತಿರುಗಿಸಿದರು. "ಇದರಾಗ ಏನೈತ್ರಿ? ಒಂದು ಹನಿ ನೀರ ಏಳಲಿಲ್ಲ. ಇದು ಮನಿಗೆಲಸ."

ವಿಶ್ವವಿದ್ಯಾಲಯದ ಮಟ್ಟದಲ್ಲಿ ಹಾರುವ ಹುಡುಗಿ ಇವಳೊಬ್ಬಳೇ ಇದ್ದದ್ದರಿಂದ ಹಾರಿಸದೆಯೇ ಆಯ್ಕೆ ಮಾಡಿದ್ದರು. ಹೀಗಾಗಿ ನಾವು, ಒಬ್ಬ ಕುಸ್ತಿಪಟು, ಒಬ್ಬ ತರ್ಕಶಾಸ್ತ್ರಿ ಮತ್ತು ನಿದ್ದೆಯಲ್ಲಿದ್ದ ಇತಿಹಾಸ, ರಾಷ್ಟ್ರಮಟ್ಟದ ಕೊಳದ ಮುಂದೆ ಹೋಗಿ ನಿಂತೆವು.

ಬೇರೆ ಬೇರೆ ರಾಜ್ಯದ ಹುಡುಗಿಯರು ಒಬ್ಬೊಬ್ಬರಾಗಿ ಹಾರಿದರು. ಗಾಳಿಯಲ್ಲಿ ಮೈ ಮಡಚಿ, ಬಿಚ್ಚಿ, ಸದ್ದಿಲ್ಲದೆ ನೀರಿನೊಳಗೆ ಜಾರಿದರು. ಪಿ.ಡಿ. ಸರ್‌ಗೆ ಅವರ ಬಗ್ಗೆ ನಿಜವಾಗಿ ಕನಿಕರ ಹುಟ್ಟಿತು. "ಪಾಪ, ಕೂಳ ತಿಂದಿಲ್ಲೇನೋ. ನೀರ ಹಾರವಲ್ದು." ತೀರ್ಪುಗಾರರು ಅಂಕದ ಹಲಗೆ ಎತ್ತಿದರು: ಆರು, ಏಳು, ಆರೂವರೆ. ಪಿ.ಡಿ. ಸರ್ ನನ್ನ ಕಿವಿಯಲ್ಲಿ ವಿವರಿಸಿದರು: "ನಂಬರ ಹಿಡ್ಯಾಕತ್ತಾರ ನೋಡ್ರಿ. ಆರನೇದು, ಏಳನೇದು. ಒಂದನೇದು ಇನ್ನೂ ಯಾರಿಗೂ ಬಂದಿಲ್ಲ. ನಮ್ಮಾಕಿಗೆ ಇಟ್ಟಾರ." ಕುಸ್ತಿಯಲ್ಲಿ, ಪರೀಕ್ಷೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಒಂದೇ ಅಲ್ಲವೇ ದೊಡ್ಡದು? ನನಗೂ ಆ ಮಾತು ತರ್ಕಬದ್ಧವಾಗಿ ಕಂಡಿತು.

ಮಾಯಕ್ಕ ಏಣಿ ಹತ್ತಿದಳು. ಮುಟಕಾ ಹೊಡೆದಳು. ಆ ನೀರು ತೀರ್ಪುಗಾರರ ಮೇಜಿನವರೆಗೆ ಹಾರಿ ಕಾಗದ ತೋಯಿಸಿತು ಎಂದು ನಾನು ಈ ಕಥೆಯನ್ನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಮೇಜು ಬಹಳ ದೂರ ಇತ್ತು ಎಂದು ಶಕುಂತಲಾ ಹೇಳುತ್ತಾಳೆ. ಅಂಕದ ಹಲಗೆಗಳು ಮೇಲೆದ್ದದ್ದು ಮಾತ್ರ ಖರೆ. ಎಲ್ಲದರ ಮೇಲೂ ಸೊನ್ನೆ.

"ಸೊನ್ನಿ!" ಪಿ.ಡಿ. ಸರ್ ಎದ್ದು ನಿಂತರು. "ಒಂದಕ್ಕಿಂತ ಮೊದಲಿಂದು! ಎಲ್ಲಾರೂ ಸೊನ್ನಿ ಕೊಟ್ಟಾರ! ಸೊನ್ನಿ!" ಎಂದು ಕುಣಿದರು. ಮಾಯಕ್ಕ ಎರಡನೇ ಸಲವೂ ಹತ್ತಿ ಮುಟಕಾ ಹೊಡೆದಳು. ಮತ್ತೆ ಸೊನ್ನೆಗಳು. ಮೂರನೆಯದಕ್ಕೆ ಕಾಯದೆ ಅವರು ಪೋಸ್ಟಾಫೀಸಿಗೆ ಓಡಿ, ಎಲ್ಲ ತೀರ್ಪುಗಾರರಿಂದ ನಮಗೇ ಅಗ್ರಸ್ಥಾನ ಎಂದು ಚೇರಮನ್ನರಿಗೆ ತಂತಿ ಕೊಟ್ಟುಬಂದರು.

ಅವರು ಆ ಕಡೆ ಹೋದಾಗ ಪಕ್ಕದ ತಂಡದ ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈಯಿಟ್ಟು, ಮನೆಯಲ್ಲಿ ಸಾವಾದವರಿಗೆ ಹೇಳುವ ದನಿಯಲ್ಲಿ, ಸೊನ್ನೆ ಎಂದರೆ ಸೊನ್ನೆಯೇ ಎಂದು ತಿಳಿಸಿದ. ತಲೆ ಮೊದಲು ಹೋಗಬೇಕಾದಲ್ಲಿ ಕುಂಡಿ ಮೊದಲು ಬಿದ್ದರೆ ಹಾರಿದ ಲೆಕ್ಕವೇ ಅಲ್ಲವಂತೆ; ಎರಡು ಸಲ ಹೀಗಾದವರಿಗೆ ಮೂರನೆಯ ಅವಕಾಶವೂ ಇಲ್ಲವಂತೆ. ಬಹುಮಾನ ಕೊಡುವುದು ಮರುದಿನ, ನಮ್ಮ ರೈಲು ಆ ಸಂಜೆಯೇ. ಪಿ.ಡಿ. ಸರ್ ಏನೂ ತಿಳಿಯದೆ ರೈಲು ಹತ್ತಿ, ಇತಿಹಾಸದ ಬಾಯಾರ ಎದುರು ಕುಳಿತು ಗೊರಕೆಯಲ್ಲಿ ಜೊತೆಯಾದರು.

ಬರುವಾಗ ಖಾನಾಪುರ ದಾಟಿದ ಮೇಲೆ, ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ರೈಲನ್ನು ದೇಸೂರಿನಲ್ಲಿ ನಿಲ್ಲಿಸಿದರು. ಮುಂದಿನ ಸ್ಟೇಷನ್ ಬೆಳಗಾವಿ.

"ಸರ್, ಈಗ ಏನ ಹೇಳೂದ್ರಿ?" ಎಂದಳು ಶಕುಂತಲಾ. "ಖರೇ ಹೇಳಿದರ ಆ ತಾಸು ಹೋತು."

"ನಾವೇನ ಸುಳ್ಳ ಹೇಳಿಲ್ಲಲ್ಲ," ಎಂದಳು ಮಾಯಕ್ಕ. "ಸೊನ್ನಿ ಬಂದೈತಿ. ಸೊನ್ನಿ ಅಂತನ ಹೇಳೂಣು."

ನಾನು ಗಂಟಲು ಸರಿಮಾಡಿಕೊಂಡು, ಮೌನವೂ ಒಂದು ಬಗೆಯ ಹೇಳಿಕೆಯೇ ಎಂಬಲ್ಲಿಂದ ಶುರುಮಾಡಿದೆ. ಒಂದು ಪಕ್ಷದಲ್ಲಿ ಹೌದು, ಇನ್ನೊಂದು ಪಕ್ಷದಲ್ಲಿ ಅಲ್ಲ ಎಂದು ತೋರಿಸಿ, ಮೂರನೆಯ ಪಕ್ಷಕ್ಕೆ ಬರುವಷ್ಟರಲ್ಲಿ ಎದುರಿನ ಗಾಡಿ ಹೋಗಿ ನಮ್ಮ ರೈಲು ಹೊರಟಿತು. ನನ್ನ ತೀರ್ಮಾನ ಇನ್ನೂ ದೇಸೂರಿನ ಪ್ಲಾಟ್‌ಫಾರ್ಮಿನಲ್ಲೇ ಇದೆ.

ಬೆಳಗಾವಿ ಸ್ಟೇಷನ್ನಿನಲ್ಲಿ ಬ್ಯಾಂಡು, ಹಾರ, ಪೇಪರಿನವರು. ಚೇರಮನ್ನರು ಮಾಯಕ್ಕನ ತಲೆಯ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. "ಎಷ್ಟನೇ ನಂಬರ ಬಂತು, ಎಲ್ಲಾರಿಗೂ ಕೇಳೂಹಂಗ ಹೇಳವಾ," ಎಂದರು. ಮಾಯಕ್ಕ ನೆಲ ನೋಡುತ್ತ, "ಸೊನ್ನಿರೀ," ಎಂದಳು. "ಎಷ್ಟು ವಿನಯ ನೋಡ್ರಿ!" ಎಂದು ಚೇರಮನ್ನರು ಚಪ್ಪಾಳೆ ಹೊಡೆಸಿದರು. ಆ ಉತ್ಸಾಹದಲ್ಲಿ, ಸೂರ್ಯಚಂದ್ರರಿರುವತನಕ ಆ ತಾಸು ಹೆಣ್ಣುಮಕ್ಕಳದೇ ಎಂದು ಸಾರಿದರು. ಕೊಳದ ಗೇಟಿನ ಮೇಲೆ ಬೋರ್ಡು ಬಂತು. "ಮಹಿಳೆಯರ ವೇಳೆ" ಎಂಬುದು ಸಣ್ಣ ಅಕ್ಷರದಲ್ಲಿ, ಅದನ್ನು ದಯಪಾಲಿಸಿದವರ ಹೆಸರು ದೊಡ್ಡ ಅಕ್ಷರದಲ್ಲಿ.

ಕೆಲವು ವಾರಗಳ ಮೇಲೆ ಸ್ಪರ್ಧೆಯ ಫಲಿತಾಂಶ ಬಂತು. ಮಾಯಕ್ಕನ ಹೆಸರು ಎಲ್ಲಕ್ಕಿಂತ ಕೆಳಗೆ. ಚೇರಮನ್ನರು ಅದನ್ನು ನೋಡಿ, ಕಾಗದವನ್ನು ತಲೆಕೆಳಗು ಮಾಡಿ ಹಿಡಿದರಂತೆ. ಆಮೇಲೆ ಅಂದರಂತೆ: "ಬುಡ ಮ್ಯಾಲ ಮಾಡಿ ಟೈಪ್ ಮಾಡ್ಯಾರ, ಮಬ್ಬ ಮಕ್ಕಳು." ಬೇರೆ ದಾರಿಯಿರಲಿಲ್ಲ. ಬೋರ್ಡು ಇಳಿಸಿದರೆ ಹೆಸರೂ ಇಳಿಯುತ್ತಿತ್ತು. ಹೆಣ್ಣುಮಕ್ಕಳ ಹಕ್ಕಿಗೆ ನಮ್ಮೂರಿನಲ್ಲಿ ಸಿಕ್ಕ ಭದ್ರವಾದ ಆಧಾರ ಗಂಡಸೊಬ್ಬನ ಜಂಬ. ಕಾನೂನು ಸಹ ಅಷ್ಟು ಬಾಳಿಕೆ ಬರುತ್ತಿರಲಿಲ್ಲ.

ಇಷ್ಟೂ ದಿನ ನಾನು ಈ ಕಥೆಯನ್ನು ಇಲ್ಲಿಗೇ ಮುಗಿಸಿ ನಗಿಸುತ್ತಿದ್ದೆ. ಮೊನ್ನೆ ಬಸ್ಸಿನಲ್ಲಿ ತಡೆಯಲಾರದೆ ಆ ಹುಡುಗಿಯನ್ನು, ಈಜು ಎಲ್ಲಿ ಕಲಿಯುತ್ತೀ ಎಂದು ಕೇಳಿದೆ. "ಹೆಂಗಸರ ಟೈಮಿನ್ಯಾಗ್ರಿ ಅಜ್ಜಾರ. ಮಾಯಕ್ಕ ಟೀಚರ್ ಕಲಸ್ತಾರ," ಎಂದಳು. ಮರುದಿನ ಮಧ್ಯಾಹ್ನ ಕೊಳದ ಗೇಟಿಗೆ ಹೋದೆ. ಸಾಲೆಯ ನೌಕರಿಯಿಂದ ನಿವೃತ್ತಳಾದ ಮಾಯಕ್ಕ, ನೆರೆತ ಕೂದಲು, ಹೆಗಲ ಮೇಲೆ ಟವೆಲ್, ಎದುರಿಗೆ ಬಂದಳು.

"ಏನ್ರಿ ಸರ್, ದೇಸೂರಿಂದ ಈಗ ಬಂದ್ರೇನು?"

ನಾನು ಬಹಳ ವರ್ಷಗಳಿಂದ ಕೊರೆಯುತ್ತಿದ್ದುದನ್ನು ಕೇಳಿದೆ. "ಮಾಯಕ್ಕ, ಮಂದಿ ಹ್ಯಾಂಗ ಹಾರ್ತಾರ ಅಂತ ನೀನೂ ನೋಡಿದ್ದಿ. ಎರಡನೇ ಸಲಾನೂ ಯಾಕ ಮುಟಕಾ ಹೊಡದಿ?"

"ಮೊದಲನೇ ಸಲ ಅಂಜಿಕಿಗೆ ಹೊಡದೇರಿ. ಎರಡನೇದು ತಿಳಿದ ಹೊಡದೆ," ಎಂದಳು. "ಅವರು ಹಾರೂದು ನಾವು ಕೊಡ ತಗ್ಯಾಕ ಹಾರೂಹಂಗನ ಇತ್ತು. ನಾನೂ ಹಂಗ ಹಾರಿದ್ದರ ನಾಕೋ ಐದೋ ಕೊಡತಿದ್ದರು. ಪಿ.ಡಿ. ಸರ್ ಲೆಕ್ಕದಾಗ ಅದು ನಾಕನೇ ನಂಬರ, ಐದನೇ ನಂಬರ. ಅವರು ತಂತಿ ಕೊಡತಿದ್ದರೇನ್ರಿ? ಏಣಿ ಮ್ಯಾಲ ನಿಂತು ನೋಡಿದೆ, ಕೆಳಗ ಸೊನ್ನಿ ಸೊನ್ನಿ ಅಂತ ಕುಣ್ಯಾಕತ್ತಿದ್ದರು. ಇವರಿಗೆ ಸೊನ್ನೀನ ಬೇಕಾಗೈತಿ, ತೊಗೋರಿ ಅಂದೆ."

ನಾನು ನಕ್ಕೆ. ಅವಳು ನಗಲಿಲ್ಲ.

"ಆದ್ರ ಸರ್, ಅಂಥಾ ನೀರು ನಾ ಕಂಡಿದ್ದಿಲ್ಲ. ನಮ್ಮ ಬಾವ್ಯಾಗ ಮ್ಯಾಲಿಂದ ನೋಡಿದರ ಮೊಳ ಆಳಕ್ಕ ಕತ್ತಲ. ಅಲ್ಲಿ ತಳ ಕಾಣ್ತಿತ್ತು. ಒಂದ ಸಲ ತಲಿ ಮುಂದ ಮಾಡಿ ಹೋಗಬೇಕಂತ ಜೀವ ಭಾಳ ಬಡಕೊಂತು."

ಇಂಥ ಮಾತು ಕಾಲ ಕಳೆದಂತೆ ಮಾಗಿ ಸಿಹಿಯಾಗುವುದನ್ನು ನಾನು ಬಲ್ಲೆ. ಮನುಷ್ಯ ತನ್ನ ಸೋಲಿಗೆ ಆಮೇಲೆ ಒಂದು ಉದ್ದೇಶ ಹೊಲಿದುಕೊಳ್ಳುತ್ತಾನೆ. ನನ್ನ ಮುಖದಲ್ಲಿ ಅದು ಕಂಡಿರಬೇಕು.

"ನೀವು ನಂಬೂ ಪೈಕಿ ಅಲ್ಲ ಬಿಡ್ರಿ," ಎಂದಳು. "ಗಂಡಸರಿಗೆ ಒಳಗ ಬಿಡೂದಿಲ್ಲ. ಗೋಡಿ ಹೊರಗ ನಿಂದರ್ರಿ. ಮುಟಕಾ ಹೊಡದರ ನಿಮಗ ಕೇಳ್ತದ. ಕೊಡ ತಗಿಯೂ ಹಂಗ ಹಾರಿದರ ಕೇಳೂದಿಲ್ಲ."

ಗೋಡೆಯನ್ನು ಈಗ ಎತ್ತರಿಸಿದ್ದಾರೆ. ನೆರಳಿಲ್ಲದ ಆ ಬಿಸಿಲಿನಲ್ಲಿ, ಯಾರೋ ದಯಪಾಲಿಸಿದ್ದೆಂದು ಬರೆದ ಬೋರ್ಡಿನ ಕೆಳಗೆ, ಗೋಡೆಗೆ ಕಿವಿ ಹಚ್ಚಿ ನಿಂತೆ. ಒಳಗೆ ಗಲಾಟೆ ಮಾಡುತ್ತಿದ್ದ ಹುಡುಗಿಯರೆಲ್ಲ ಒಮ್ಮೆಲೇ ಸುಮ್ಮನಾದರು. ಕಾದೆ. ಏನೂ ಕೇಳಿಸಲಿಲ್ಲ. ಅವಳು ಹಾರಿರಬಹುದು, ಹಾರದೆಯೂ ಇರಬಹುದು. ಸಾಕ್ಷಿ ಎಂದರೆ ಆ ಮೌನ ಮಾತ್ರ. ಮೌನದ ಮೇಲೆ ಮೂರು ಪಕ್ಷ ಹೂಡಿದ್ದ ನಾನು ಈ ಸಲ ಒಂದನ್ನೂ ಹೂಡಲಿಲ್ಲ.

"ಎಷ್ಟು ಕೊಟ್ರಿ ಸರ್?" ಗೋಡೆಯ ಆ ಕಡೆಯಿಂದ, ಏದುಸಿರಿನ ನಡುವೆ, ಅವಳ ದನಿ ಬಂತು.

"ಸೊನ್ನಿ!" ಎಂದು ನಾನು ಕೂಗಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. "ಎಲ್ಲಾರೂ ಸೊನ್ನಿ ಕೊಟ್ಟೇವಿ!"