ಕೊಸರು ಹಾಕಿದ ವೈನು

ಊಟಕ್ಕೆ ಕೂತು ಎರಡನೇ ರೊಟ್ಟಿ ಮುರಿದಿದ್ದೆ. "ಇದೇನೋ ಇದು!" ಎಂದು ಅಕ್ಕ ತಗಡಿನ ಶೆಡ್ಡಿನಿಂದ ಕೂಗಿದಳು. ಓಡಿದೆ. ಬೆಳಗಿನಿಂದ ನಾನು ತುಂಬಿಟ್ಟಿದ್ದ ವೈನ್ ಬಾಟಲಿಗಳ ಬೂಚುಗಳೆಲ್ಲ ಅರ್ಧಂಬರ್ಧ ಮೇಲೆದ್ದಿದ್ದವು. ರಟ್ಟಿನ ಬಾಕ್ಸುಗಳು ತೋಯ್ದು ಕೆಂಪಾಗಿದ್ದವು.

ಸುನಂದಕ್ಕ ನನ್ನ ಒಡಹುಟ್ಟಿದವಳು. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಹೋದವಳು. ಸುತ್ತಮುತ್ತ ಎಲ್ಲರೂ ದ್ರಾಕ್ಷಿಯನ್ನು ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಿದರೆ, ಇವಳು ಹಟ ಹಿಡಿದು ಸಣ್ಣದೊಂದು ವೈನರಿ ಮಾಡಿದಳು. ಬೆಳಗಾವಿಯ ಹೋಟೆಲೊಂದರಿಂದ ಮೊದಲ ಆರ್ಡರ್ ಬಂದಿತ್ತು. ಆಳುಗಳೆಲ್ಲ ಮಣೂಕದ ಕೆಲಸಕ್ಕೆ ಹೋಗಿದ್ದರು. ಚಿಕ್ಕೋಡಿಯಿಂದ ನನ್ನನ್ನು ಕರೆಸಿದಳು. (ಬರೆಯುವವನಿಗೆ ಕೆಲಸವಿರುವುದಿಲ್ಲ ಎಂಬುದು ನಮ್ಮ ಬಳಗದ ಒಮ್ಮತದ ತೀರ್ಮಾನ.)

ಅಂದು ಬೆಳಿಗ್ಗೆ ಲೇಬಲ್ ತರಲು ಅಥಣಿಗೆ ಹೊರಡುವ ಮೊದಲು ಅಕ್ಕ ಎಲ್ಲ ತೋರಿಸಿಕೊಟ್ಟಿದ್ದಳು.

"ನೋಡು, ಬೂಚಿನ ಕೆಳಗ ಒಂದ ಬೆರಳು ಜಾಗಾ ಬಿಡಬೇಕು. ಬಿಸಲಿಗೆ ವೈನ್ ಹಿಗ್ಗತೈತಿ. ಜಾಗಾ ಇಲ್ಲಂದ್ರ ಬೂಚು ಎಬ್ಬಸತೈತಿ. ತಿಳೀತಿಲ್ಲೋ?"

ತಿಳಿಯಿತು. ಹತ್ತಿಪ್ಪತ್ತು ಬಾಟಲಿ ಹಾಗೆಯೇ ತುಂಬಿದೆ. ಆಗ ಅಕ್ಕನ ಅತ್ತೆ ಬಂದರು. ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ. ವರ್ಷಾನುಗಟ್ಟಲೆ ಹಾಲು ಮಾರಿದವರು. ಅಳತೆ ಹಾಕಿದ ಮೇಲೆ ಒಂದಿಷ್ಟು ಕೊಸರು ಹಾಕದೆ ಯಾರನ್ನೂ ಬಾಗಿಲಿನಿಂದ ಕಳಿಸಿದವರಲ್ಲ.

"ತಮ್ಮಾ, ಇದೇನ ಕುತ್ತಿಗಿ ಖಾಲಿ ಬಿಟ್ಟೀದಿ? ತಗೊಂಡಾವ್ರು ಏನಂದಾರು? ಮೊದಲನೇ ಮಾಲ ಐತಿ, ತುಂಬ ಹಾಕು."

ಏನು ಮಾಡಬೇಕಿತ್ತು? "ಆಯಿ, ಅದಕ್ಕೊಂದು ಕಾರಣ ಐತಿ" ಅನ್ನಬೇಕಿತ್ತು. ನಾನು "ಹೌದ್ರಿ ಆಯಿ" ಅಂದೆ. ಆಗಲೇ ತುಂಬಿದ್ದವಕ್ಕೂ ಬೂಚು ಕಿತ್ತು ಇನ್ನಷ್ಟು ಸುರಿದೆ. ಬೂಚು ಒತ್ತುವ ಮಷೀನು ಮೊಂಡು ಹಿಡಿಯಿತು. ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಆಯಿ ಪಕ್ಕದಲ್ಲೇ ಕೂತು, "ಹಾಂ, ಈಗ ಛಂದ ಕಾಣತೈತಿ" ಎಂದು ಬೆನ್ನು ತಟ್ಟಿದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ! ಟೆಂಪೊ ಬರುತ್ತದೆಂದು ತಂಪು ಕೋಣೆಯಲ್ಲಿ ತುಂಬಿದ ಬಾಟಲಿಗಳನ್ನೆಲ್ಲ ಬಾಕ್ಸಿಗೆ ಹಾಕಿ ತಂದು ಶೆಡ್ಡಿನ ಉರಿಯುವ ತಗಡಿನ ಕೆಳಗೆ ಇಟ್ಟೆ. ಅಕ್ಕ ಅಥಣಿಯಿಂದ ಮರಳುವಷ್ಟರಲ್ಲಿ ಮುಂದಿನದನ್ನು ಬಿಸಿಲು ನೋಡಿಕೊಂಡಿತು.

ಸೋರಿದ ಬಾಟಲಿಗೆ ಗಾಳಿ ಹೊಕ್ಕಿರುತ್ತದೆ. ಅಂಥ ವೈನು ಹುಳಿಯಾಗುತ್ತದೆ, ಹೋಟೆಲಿಗೆ ಕಳಿಸುವಂತಿಲ್ಲ. ಟೆಂಪೊ ಬಂತು, ಖಾಲಿ ಹೋಯಿತು. ಅಕ್ಕ ಹೋಟೆಲಿಗೆ ಫೋನ್ ಮಾಡಿ ಇನ್ನೊಂದು ವಾರದ ಗಡುವು ಕೇಳಿದಳು. ಅವರು "ನೋಡೋಣ" ಅಂದರಂತೆ. ವ್ಯಾಪಾರದಲ್ಲಿ "ನೋಡೋಣ" ಅಂದರೆ ಏನೆಂದು ನಿಮಗೂ ಗೊತ್ತು.

ಆಯಿ ತಪ್ಪು ಮುಚ್ಚಿಡಲಿಲ್ಲ. "ಸುನಂದಾ, ನಾನ ತುಂಬಾಕ ಹಚ್ಚೀನಿ. ತಮ್ಮಗ ಬೈಬ್ಯಾಡ. ಕಮ್ಮಿ ಹಾಕೂದು ಈ ಕೈಗೆ ರೂಢಿಲ್ಲ ಯವ್ವಾ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದರು.

ಕೆಟ್ಟ ವೈನನ್ನು ಬಕೆಟ್ಟಿಗೆ ಸುರಿಯುತ್ತ ಅಕ್ಕ ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಕೇಳಿದಳು:

"ಅವರಿಗಂತೂ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತಲ್ಲ?"

"ಹಿರ್ಯಾರು ಅಕ್ಕಾ... ಇಲ್ಲ ಅನ್ನಾಕ ಆಗಲಿಲ್ಲ."

"ಇದ ಹಿರ್ಯಾರ ಮುಂದ ಮೂರ ವರ್ಷ ಇಲ್ಲ, ಇಲ್ಲ ಅಂತ ನಿಂತ ಈ ವೈನರಿ ಮಾಡೇನಿ. ನಿನಗ ಒಂದ ಮುಂಜಾನಿ ಆಗಲಿಲ್ಲ?"

ತುಂಬಿದ ಬಕೆಟ್ಟು ಎತ್ತಿಕೊಂಡು ಹೊರಗೆ ನಡೆದೆ. ಈಗಲೂ ಆಯಿ ಬೆನ್ನು ತಟ್ಟಿದ್ದು ನೆನಪಾಗಿ ನಾಚಿಕೆಯಾಗುತ್ತದೆ.

ಹಿರಿಯರ ಮಾತು ಮೀರಬಾರದು ಎನ್ನುತ್ತೇವಲ್ಲ, ಅದರಲ್ಲಿ ಗೌರವ ಎಷ್ಟು, ನಮ್ಮ ಪುಕ್ಕಲುತನ ಎಷ್ಟು?