ನಗದೇ ಹತ್ತಬೇಕಾದ ಗುಡ್ಡ

ನಮ್ಮತ್ತಿಗೆಗೆ ಬೀದಿಯವರು ಇಟ್ಟ ಹೆಸರು ನಗೆಬುಗ್ಗೆ. ಹೊಲಿಗೆ ಅವಳ ಕಸುಬು. ಅಳತೆಗೆಂದು ಕಂಕುಳಿಗೆ ಟೇಪು ಹಿಡಿದರೆ ಗಿರಾಕಿಗಿಂತ ಮೊದಲು ಅವಳಿಗೇ ಕಚಗುಳಿ. ಯಾರ ಮನೆಯ ಪ್ರಾರ್ಥನೆಗೆ ಹೋದರೂ ಅರ್ಧಕ್ಕೇ ಬಾಯಿ ಮುಚ್ಚಿಕೊಂಡು ಹೊರಗೆ ಓಡಿಬರುತ್ತಿದ್ದಳು.

"ಒಂದೇ ಒಂದು ಸಲ ಕೊನೇವರೆಗೂ ಕೈಮುಗಿದು ನಿಂತ್ಕೋಬೇಕು ಕಣೇ. ದೇವರು ನನ್ನ ಬೆನ್ನು ನೋಡಿ ನೋಡಿ ಮುಖಾನೇ ಮರೆತಿರ್ತಾನೆ" ಎನ್ನುತ್ತಿದ್ದಳು. ನಗುತ್ತಲೇ ಅಂದರೂ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ಹೋದ ರಜೆಯಲ್ಲಿ ಅಣ್ಣ ನಮ್ಮಿಬ್ಬರನ್ನೂ ಮಣ್ಣಿನಡಿಯಿಂದ ಅಗೆದು ತೆಗೆದ ಹಳೇ ಪಟ್ಟಣಕ್ಕೆ ಕರೆದುಕೊಂಡು ಹೋದ. ಸುತ್ತ ಹಗ್ಗ ಕಟ್ಟಿದ ಗುಂಡಿಗಳು, ಮೊಣಕಾಲೆತ್ತರದ ಗೋಡೆಗಳು. "ಇದು ಬಚ್ಚಲು" ಎಂದ ಗೈಡು.

"ಅಯ್ಯೋ, ಇದೂ ನಮ್ಮನೇದರ ಹಾಗೇ ಮಣ್ಣು ತುಂಬಿ ಕಟ್ಟಿಕೊಂಡಿದೆ!" ಎಂದು ಅತ್ತಿಗೆ ಬಿದ್ದು ಬಿದ್ದು ನಕ್ಕಳು.

ಹಿಂದೆಯೇ ಒಂದು ಗುಡ್ಡ. ತುದಿಯ ಕಲ್ಲಿನಲ್ಲಿ ಹಿರೀಕರಿದ್ದಾರೆಂದು ಗುಡ್ಡದ ಜನರ ನಂಬಿಕೆ. ಕೇಳಿಕೊಂಡವರನ್ನು ಆ ಜನರ ಹಿರಿಯಜ್ಜಿ ಮೇಲಕ್ಕೆ ಕರೆದೊಯ್ಯುತ್ತಾಳೆ. ಕಟ್ಟಳೆ ಒಂದೇ: ಹತ್ತುವಾಗ ಯಾರ ಬಾಯಿಂದಲೂ ಸದ್ದು ಬರಬಾರದು. ಬಂದರೆ ಎಲ್ಲರೂ ಇಳಿದು ಮತ್ತೆ ಮೊದಲಿನಿಂದ ಹತ್ತಬೇಕು. ತುದಿ ಮುಟ್ಟಿದ ಮೇಲೆ ಮಾತಿಗೂ ನಗುವಿಗೂ ಅಡ್ಡಿಯಿಲ್ಲ. ಹಿರೀಕರಿಗೆ ಮನೆಮಕ್ಕಳ ಗಲಾಟೆ ಇಷ್ಟವಂತೆ.

"ಪುಣ್ಯಾತ್ಗಿತ್ತಿ, ನೀನು ಕೆಳಗೇ ಇರು. ನನ್ನ ಮೊಣಕಾಲು ತಡೆಯಲ್ಲ" ಎಂದ ಅಣ್ಣ.

"ನಾನೂ ಬರ್ತೀನಿ."

ಅರ್ಧ ಗುಡ್ಡಕ್ಕೆ ಅಣ್ಣನ ಬೂಟು ಕುಂಯ್ ಎಂದಿತು. ಅತ್ತಿಗೆ ಕಿಸಕ್ಕನೆ ನಕ್ಕಳು. ಅಜ್ಜಿ ಹಿಂದಿರುಗಿ ಇಳಿಯತೊಡಗಿದಳು. ಮತ್ತೆ ಹತ್ತಿದೆವು. ಈ ಸಲ ಒಂದು ಮೇಕೆ ಅಣ್ಣನನ್ನು ದಿಟ್ಟಿಸಿ ನೋಡಿತು, ಅಷ್ಟೇ. ಮತ್ತೆ ಇಳಿದೆವು.

ಕೆಳಗೆ ಬಂದಾಗ ಅತ್ತಿಗೆಯ ಕಣ್ಣು ತುಂಬಿತ್ತು. "ನಾನು ಇಲ್ಲೇ ಕೂತಿರ್ತೀನಿ ಅಜ್ಜಿ. ನೀವು ಹೋಗಿಬನ್ನಿ."

"ಅದೆಲ್ಲಾ ಆಗಲ್ಲ ಮಗಳೇ. ಜೊತೇಲಿ ಬಂದೋರು ಜೊತೇಲೇ ಹತ್ತಬೇಕು. ನಂಗೇನು, ಸಂಜೆವರೆಗೂ ಪುರುಸೊತ್ತು."

"ನನ್ನ ಮೊಣಕಾಲಿಗಿಲ್ವಲ್ಲ ಅಜ್ಜೀ!" ಎಂದ ಅಣ್ಣ.

ಆಗ ಅತ್ತಿಗೆ ಕೈಚೀಲದಿಂದ ಗುಂಡುಪಿನ್ನಿನ ಡಬ್ಬಿ ತೆಗೆದಳು. ಬಟ್ಟೆಗೆ ಚುಚ್ಚುವಾಗ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ಅವಳ ರೂಢಿ. ದಿನದಲ್ಲಿ ಅವಳು ನಗದೇ ಇರುವ ಹೊತ್ತು ಅದೊಂದೇ. ಸಾಲಾಗಿ ಪಿನ್ನು ಕಚ್ಚಿ, ಮುಳ್ಳುಹಂದಿಯ ಹಾಗೆ ಮುಂದೆ ನಡೆದಳು. ಬೂಟು ಕುಂಯ್ ಎಂದಿತು. ಮೇಕೆಯೂ ಬಂತು. ಅವಳ ಕೆನ್ನೆ ಉಬ್ಬಿತು, ಭುಜ ಕುಣಿಯಿತು, ಸದ್ದು ಮಾತ್ರ ಇಲ್ಲ. ಆ ಮುಖ ನೋಡಿ ನಗು ತಡೆಯಲು ಒದ್ದಾಡಿದವರು ನಾವು.

ತುದಿಯ ಕಲ್ಲು ಮುಟ್ಟಿದ್ದೇ ತಡ, ಅಣ್ಣ ಹೊಟ್ಟೆ ಹಿಡಿದುಕೊಂಡು ಕುಸಿದ. ಅಜ್ಜಿ ಬೊಚ್ಚುಬಾಯಿ ತೆರೆದು ಕೇಕೆ ಹಾಕಿದಳು. ಕೈ ಜೋಡಿಸಬೇಕಾದ ನಾನೂ ಕಣ್ಣೀರು ಬರುವ ಹಾಗೆ ನಕ್ಕೆ. ಅತ್ತಿಗೆ ಪಿನ್ನುಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕಿ, ಕೈಮುಗಿದು, ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದಳು. ಮೊದಲಿನಿಂದ ಕೊನೆಯವರೆಗೂ ಹೇಳಿದಳು. ನಡುವೆ ಒಮ್ಮೆ ಅಣ್ಣನ ಕಡೆ ತಿರುಗಿ, "ರೀ, ಪ್ರಾರ್ಥನೆ ಮಾಡ್ತಿರೋದು ಕಾಣಲ್ವಾ? ನಗೋದಾದ್ರೆ ಆಚೆ ಹೋಗಿ" ಎಂದು ಗದರಿದ್ದು ಬಿಟ್ಟರೆ, ಎಲ್ಲೂ ನಿಲ್ಲಿಸಲಿಲ್ಲ.